ಹಳೆಯ ಕಾರಿನ ದೀಪಗಳಲ್ಲಿ ಶಾರ್ಟನ್ನು ಹುಡುಕುವ ಬಗೆ

ದೆಹಲಿಯಲ್ಲಿ 1964ರಿಂದ ಸ್ಟೇಟ್ಸ್‌ಮನ್ ಪತ್ರಿಕೆಯವರು ನಡೆಸಿಕೊಂಡು ಬಂದಿರುವ ಹಳೆಯ ಕಾರುಗಳ ರ‍್ಯಾಲಿಯನ್ನು ಕಾಣಲು ನೆರೆಯುವ ಜನರು, ಹಿತ್ತಾಳೆಯ ಹೊಳಪನ್ನೂ ಬಣ್ಣದ ನುಣುಪನ್ನೂ ಎಂಜಿನ್ನಿನ ಗಂಭೀರನಾದವನ್ನೂ ಮೆಚ್ಚಿಕೊಳ್ಳುವರೇ ಹೊರತು, ತಗಡಿನ ಸಂದುಗೊಂದುಗಳಲ್ಲಿ ಅಡಗಿ ಹರಿಯುವ ತಂತಿಗಳ ಕಡೆಗೆ ಕಣ್ಣು ಹಾಯಿಸುವುದು ವಿರಳ. ಅಂಥ ಕಾರನ್ನು ಸಾಕಿಕೊಂಡವನ ಚಿಂತೆಯಾದರೋ ಬಹುಪಾಲು ಆ ತಂತಿಗಳದ್ದೇ. ಎಂಜಿನ್ನಿನ ರೋಗವು ಸದ್ದಿನಿಂದಲೋ ಹೊಗೆಯಿಂದಲೋ ಮುಂಚಿತವಾಗಿ ತಿಳಿದುಬರುತ್ತದೆ. ತಂತಿಯ ರೋಗವು ಹಾಗಲ್ಲ. ದೀಪದ ಸ್ವಿಚ್ಚನ್ನು ಎಳೆದೊಡನೆಯೇ ಫ್ಯೂಸು ಹೋಗಿ ಕತ್ತಲಾಗುವುದು, ಇಲ್ಲವೆ ರಬ್ಬರು ಸುಟ್ಟ ವಾಸನೆ ಮೂಗಿಗೆ ಬಡಿಯುವುದು.

ಉದಾಹರಣೆಗೆ ಅಂಬಾಸಿಡರನ್ನೇ ತೆಗೆದುಕೊಳ್ಳೋಣ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಮೂರನೆಯ ಮಾದರಿಯನ್ನು ಆಧರಿಸಿ, ಪಶ್ಚಿಮ ಬಂಗಾಳದ ಉತ್ತರಪಾರದಲ್ಲಿ ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆಯವರು ಐವತ್ತಕ್ಕೂ ಹೆಚ್ಚು ವರ್ಷ ತಯಾರಿಸಿ 2014ರಲ್ಲಿ ನಿಲ್ಲಿಸಿದ ಈ ವಾಹನವು, ಮಂತ್ರಿಗಳನ್ನೂ ಅಧಿಕಾರಿಗಳನ್ನೂ ಹೊತ್ತು ದೆಹಲಿಯ ರಾಜಬೀದಿಗಳಲ್ಲಿ ಓಡಾಡಿದಷ್ಟು ಬೇರಾವ ಕಾರೂ ಓಡಾಡಿರಲಾರದು. ಅದರ ಹಳೆಯ ಪ್ರತಿಗಳಲ್ಲಿ ತಂತಿಯ ಏರ್ಪಾಟು ಬ್ರಿಟಿಷ್ ಸಂಪ್ರದಾಯದ್ದು: ದೊಡ್ಡ ದೀಪಗಳಿಗೆ ನೀಲಿ, ಪಕ್ಕದ ಮತ್ತು ಹಿಂದಿನ ದೀಪಗಳಿಗೆ ಕೆಂಪು, ಬ್ಯಾಟರಿಯಿಂದ ನೇರವಾಗಿ ಬರುವುದಕ್ಕೆ ಕಂದು, ಒಡಲಿಗೆ ಕೂಡುವುದಕ್ಕೆ ಕಪ್ಪು. ಈ ವರ್ಣಸಂಕೇತವನ್ನು ಬಲ್ಲವನಿಗೆ ಅರ್ಧ ದಾರಿ ಸವೆದಂತೆಯೇ ಸರಿ. ಆದರೆ ಅರವತ್ತು ವರ್ಷಗಳ ಧೂಳು ಮತ್ತು ಎಣ್ಣೆ ಹತ್ತಿದ ಮೇಲೆ ಕೆಂಪೂ ಕಂದೂ ಒಂದೇ ಬಣ್ಣವಾಗಿ ಕಾಣುವುದುಂಟು. ಅಂಥಲ್ಲಿ ತಂತಿಯನ್ನು ಒರೆಸಿ ನೋಡದೆ ಕತ್ತರಿ ಹಾಕತಕ್ಕದ್ದಲ್ಲ.

ಕಾರಿನ ವಿದ್ಯುನ್ಮಂಡಲಕ್ಕೂ ಮನೆಯ ವಿದ್ಯುನ್ಮಂಡಲಕ್ಕೂ ಇರುವ ಮುಖ್ಯ ಭೇದವೇನೆಂದರೆ, ಮನೆಯಲ್ಲಿ ಹೋಗುವುದಕ್ಕೊಂದು, ಮರಳುವುದಕ್ಕೊಂದು ಎಂದು ಎರಡು ತಂತಿಗಳಿದ್ದರೆ, ಕಾರಿನಲ್ಲಿ ಮರಳುವ ಮಾರ್ಗವು ಉಕ್ಕಿನ ಒಡಲೇ ಆಗಿರುತ್ತದೆ. ಬ್ಯಾಟರಿಯ ಒಂದು ಅಗ್ರವನ್ನು ಒಡಲಿಗೆ ಬಿಗಿದರೆ ತಾಮ್ರದ ವೆಚ್ಚ ಬಹಳಷ್ಟು ಉಳಿಯಿತು. ಹಿಂದಿನ ಬ್ರಿಟಿಷ್ ಕಾರುಗಳು ಅನೇಕ ವೇಳೆ ಧನಾಗ್ರವನ್ನೇ ಹೀಗೆ ಬಿಗಿಯುತ್ತಿದ್ದುವು. ದೀಪಕ್ಕೆ ಅದರಿಂದ ಏನೂ ವ್ಯತ್ಯಾಸವಿಲ್ಲ. ಆದರೆ ಈ ಮಿತವ್ಯಯಕ್ಕೆ ತೆರಬೇಕಾದ ಬೆಲೆಯೂ ಉಂಟು. ಒಡಲು ಮಂಡಲದ ಅರ್ಧಭಾಗವೇ ಆದುದರಿಂದ, ಮೇಲಿನ ಹೊದಿಕೆ ಎಲ್ಲಿ ಹರಿದರೂ ಬತ್ತಲೆಯಾದ ತಾಮ್ರಕ್ಕೆ ಅಲ್ಲಿಯೇ ಉಕ್ಕು ತಗುಲುತ್ತದೆ. ಪ್ರವಾಹವು ದೀಪವನ್ನು ಬಿಟ್ಟು ಶಾರ್ಟೆನಿಸಿಕೊಳ್ಳುವ ಆ ಅಡ್ಡದಾರಿಯನ್ನು ಹಿಡಿಯುತ್ತದೆ, ಕಾಲುವೆಯ ಒಡ್ಡು ಒಡೆದಾಗ ನೀರು ಗದ್ದೆಯನ್ನು ಮರೆತು ಹಳ್ಳಕ್ಕೆ ಇಳಿಯುವಂತೆ.

ಎಷ್ಟು ಪ್ರವಾಹ ಎಂಬುದನ್ನು ಲೆಕ್ಕ ಹಾಕಿದರೆ ಅದರ ಭೀಕರತೆ ಮನದಟ್ಟಾಗುತ್ತದೆ. ಮುಂದಿನ ಪಕ್ಕದ ದೀಪಗಳೆರಡು, ಹಿಂದಿನವೆರಡು, ನಂಬರ್ ಪ್ಲೇಟಿನದೊಂದು, ತಲಾ 6 ವಾಟ್ ಎಂದುಕೊಂಡರೆ 12 ವೋಲ್ಟಿನಲ್ಲಿ ಎಲ್ಲವೂ ಸೇರಿ 2.5 ಆಂಪಿಯರ್ ಸಾಕು. ತಂತಿಯೂ ಉಕ್ಕೂ ಕೂಡಿದಾಗ ದಾರಿಯ ಪ್ರತಿರೋಧವು 0.04 ಓಮಿಗೆ ಇಳಿದರೆ ಅದೇ ಬ್ಯಾಟರಿ 300 ಆಂಪಿಯರ್ ಹರಿಸಲೆಳಸುತ್ತದೆ. ತಂತಿಯಲ್ಲಿ ಹುಟ್ಟುವ ಉಷ್ಣವು ಪ್ರವಾಹದ ವರ್ಗಕ್ಕೆ ಅನುಗುಣವೆಂದು ಜೂಲ್ 1841ರಲ್ಲಿ ತೋರಿಸಿಕೊಟ್ಟಿದ್ದನಷ್ಟೆ. ಆ ಪ್ರಕಾರ 120 ಪಟ್ಟು ಹೆಚ್ಚಿದ ಪ್ರವಾಹಕ್ಕೆ ಉಷ್ಣ 14,400 ಪಟ್ಟು. ಫ್ಯೂಸು ಇರುವುದು ಈ ಕ್ಷಣಕ್ಕಾಗಿಯೇ. ಆದರೆ ಆ ಕಾಲದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಇದ್ದುವು ಎರಡೇ ಫ್ಯೂಸುಗಳು, ಅವುಗಳ ಕಾವಲು ದೊಡ್ಡ ದೀಪಗಳಿಗೆ ಸಲ್ಲುತ್ತಿರಲಿಲ್ಲ. ಕತ್ತಲಲ್ಲಿ ಓಡುವ ಕಾರಿನ ಎರಡು ದೀಪಗಳೂ ಒಮ್ಮೆಗೇ ಆರಿಹೋಗುವುದಕ್ಕಿಂತ ತಂತಿ ಬಿಸಿಯಾಗುವುದೇ ಲೇಸೆಂದು ಬಗೆದರೋ ಏನೋ. ಹೋದ ಫ್ಯೂಸಿನ ಮೇಲೆ ಸಿಗರೇಟು ಪೊಟ್ಟಣದ ಹಾಳೆಯನ್ನು ಸುತ್ತಿ ಮುಂದೆ ಸಾಗುವ ಜಾಣರ ವಿಷಯವಾಗಿ ನನಗೆ ಸಹನೆಯಿಲ್ಲ. ಅವರು ಫ್ಯೂಸಿನ ಕೆಲಸವನ್ನು ಇಡೀ ವೈರಿಂಗ್ ಕಟ್ಟಿಗೆ ವಹಿಸುತ್ತಾರೆ.

ದೆಹಲಿಯ ಹವೆಯು ತಂತಿಗೆ ಹಿತವಾದುದಲ್ಲ. ಮೇ, ಜೂನ್ ತಿಂಗಳುಗಳಲ್ಲಿ ನೆರಳಿನಲ್ಲಿಯೇ 45 ಡಿಗ್ರಿಯವರೆಗೆ ಏರುವ ಉಷ್ಣ, ಜನವರಿಯ ಮಂಜಿನಲ್ಲಿ 4 ಡಿಗ್ರಿಗೆ ಇಳಿಯುವ ಚಳಿ, ನಡುವೆ ಮಳೆಗಾಲದ ತೇವ. ಹೀಗೆ ವರ್ಷವರ್ಷವೂ ಹಿಗ್ಗಿ ಕುಗ್ಗಿದ ರಬ್ಬರು ಬಿರುಸಾಗಿ ಬಿರುಕು ಬಿಡುತ್ತದೆ. ಗಾಯವು ಸಾಮಾನ್ಯವಾಗಿ ನಡುದಾರಿಯಲ್ಲಾಗದೆ, ತಂತಿಯು ತಗಡಿನ ತೂತನ್ನು ಹಾಯುವಲ್ಲಿ, ಡಿಕ್ಕಿಯ ಬಾಗಿಲಿನ ಕೀಲಿನ ಬಳಿಯಲ್ಲಿ, ತುಕ್ಕು ಹಿಡಿದ ಬಲ್ಬಿನ ಹೋಲ್ಡರಿನಲ್ಲಿ, ಕಾಲಿನಿಂದ ಒತ್ತುವ ಡಿಪ್ ಸ್ವಿಚ್ಚಿರುವ ಕಾರುಗಳಲ್ಲಿ ಅದರ ಅಡಿಯ ತೇವದಲ್ಲಿ ಆಗುವುದು.

ಇನ್ನು ಹುಡುಕುವ ಕ್ರಮ. ಹೊಸಬನು ಫ್ಯೂಸನ್ನು ಮತ್ತೆ ಮತ್ತೆ ಹಾಕುತ್ತಾನೆ; ಪ್ರತಿ ಸಲವೂ ಅದು ಕ್ಷಣಮಾತ್ರದಲ್ಲಿ ಸುಟ್ಟು, ದೋಷವನ್ನು ನೋಡುವುದಕ್ಕೆ ಅವಕಾಶವೇ ಇಲ್ಲದೆ ಹೋಗುತ್ತದೆ. ಅನುಭವಿಯಾದ ಮಿಸ್ತ್ರಿಯಾದರೋ ಫ್ಯೂಸಿನ ಜಾಗದಲ್ಲಿ, ಫ್ಯೂಸಿಲ್ಲದ ಕಾರಾದರೆ ಬ್ಯಾಟರಿಯ ಅಗ್ರಕ್ಕೂ ಬಿಡಿಸಿದ ತಂತಿಗೂ ನಡುವೆ, 21 ವಾಟಿನ ಬ್ರೇಕ್ ದೀಪದ ಬಲ್ಬೊಂದನ್ನು ಸೇರಿಸುತ್ತಾನೆ. ಉಪಾಯ ಸರಳವಾದರೂ ಅದರ ಹಿಂದಿರುವ ವಿವೇಕ ದೊಡ್ಡದು: ದೋಷವನ್ನು ಅಳಿಸದೆ, ಪಳಗಿಸಿ ಜೀವಂತವಾಗಿ ಉಳಿಸಿಕೊಳ್ಳುವುದು. ಶಾರ್ಟು ಎಷ್ಟೇ ಘೋರವಾಗಿರಲಿ, ಬಲ್ಬು 1.75 ಆಂಪಿಯರಿಗಿಂತ ಹೆಚ್ಚು ಹರಿಯಗೊಡದು. ತಂತಿಗೆ ಅಪಾಯವಿಲ್ಲ, ಗಂಟೆಗಟ್ಟಲೆ ಹುಡುಕಬಹುದು. ಮೊದಲು ಆ ಮಂಡಲದ ದೀಪಗಳನ್ನೆಲ್ಲ ಕಳಚಿಡಬೇಕು. ಇಲ್ಲವಾದರೆ ಅವುಗಳ ಮೂಲಕವೇ ಪ್ರವಾಹ ಹರಿದು ಪರೀಕ್ಷೆಯ ಬಲ್ಬು ಅರೆಬೆಳಕು ತೋರಿ ಮೋಸಗೊಳಿಸುತ್ತದೆ. ಕಳಚಿದ ಮೇಲೂ ಪೂರ್ಣವಾಗಿ ಬೆಳಗಿದರೆ ಶಾರ್ಟು ಇದ್ದೇ ಇದೆ. ಸ್ವಿಚ್ಚನ್ನು ಒಳಕ್ಕೆ ತಳ್ಳಿದಾಗ ಆರಿದರೆ ಸ್ವಿಚ್ಚಿನಿಂದಾಚೆ, ಆರದಿದ್ದರೆ ಈಚೆ. ಬಳಿಕ ಡಿಕ್ಕಿಯ ಬಳಿಯ ಕೂಡನ್ನು ಬಿಚ್ಚಬೇಕು. ಬಲ್ಬು ಆರಿದರೆ ದೋಷವು ಹಿಂಭಾಗದಲ್ಲಿದೆ. ಹೀಗೆ ಅರ್ಧ, ಅರ್ಧದ ಅರ್ಧ ಎಂದು ಕತ್ತರಿಸುತ್ತ ಹೋದರೆ, ಹದಿನಾರು ತುಂಡುಗಳಾಗಿ ವಿಭಾಗಿಸಿದ ತಂತಿಯಲ್ಲಿ ನಾಲ್ಕೇ ಪರೀಕ್ಷೆಗಳಿಗೆ ಕೆಟ್ಟ ತುಂಡು ಸಿಕ್ಕುತ್ತದೆ.

ಈ ಕಾರ್ಯಕ್ಕೆ ಮಲ್ಟಿಮೀಟರನ್ನೇ ನೆಚ್ಚುವವರು ಒಂದು ಎಚ್ಚರಿಕೆಯನ್ನು ವಹಿಸತಕ್ಕದ್ದು. ಬಲ್ಬಿನ ಟಂಗ್‌ಸ್ಟನ್ ಎಳೆಯ ಪ್ರತಿರೋಧವು ತಣ್ಣಗಿದ್ದಾಗ, ಬೆಳಗುವಾಗಿನ ಪ್ರತಿರೋಧದ ಹತ್ತರಲ್ಲೊಂದು ಭಾಗದಷ್ಟೇ. ಆರೋಗ್ಯವಂತವಾದ ದೀಪಗಳನ್ನು ಹೊತ್ತ ಮಂಡಲವೂ ಮೀಟರಿನಲ್ಲಿ ಅರ್ಧ ಓಮ್ ತೋರಿ ಶಾರ್ಟಿನ ಭ್ರಾಂತಿಯನ್ನು ಹುಟ್ಟಿಸಬಲ್ಲುದು.

ಕಟ್ಟಿನೊಳಗೆ ಸ್ಥಳವನ್ನು ಇನ್ನೂ ನಿಖರವಾಗಿ ತಿಳಿಯಬೇಕಾದರೆ, ತಂತಿಯಲ್ಲಿ ಹರಿಯುವ ಪ್ರವಾಹವು ದಿಕ್ಸೂಚಿಯ ಸೂಜಿಯನ್ನು ಅಲುಗಿಸುತ್ತದೆಂದು ಓರ್ಸ್‌ಟೆಡ್ 1820ರಲ್ಲಿ ಕಂಡ ಸಂಗತಿ ನೆರವಿಗೆ ಬರುತ್ತದೆ. ಬಲ್ಬಿನೊಂದಿಗೆ ಇಂಡಿಕೇಟರಿನ ಫ್ಲ್ಯಾಶರನ್ನೂ ಸೇರಿಸಿದರೆ ಪ್ರವಾಹವು ಮಿಟುಕುತ್ತದೆ. ದಿಕ್ಸೂಚಿಯನ್ನು ತಂತಿಯ ಮೇಲೆ ಹಿಡಿದು ಸರಿಸಿದರೆ ಮಿಟುಕಿಗೊಮ್ಮೆ ಸೂಜಿ ಅದುರುತ್ತದೆ; ಒಂದು ಸೆಂಟಿಮೀಟರ್ ದೂರದಲ್ಲಿ 1.75 ಆಂಪಿಯರಿನ ಕಾಂತಬಲವು ಸೂಜಿಯನ್ನು ತಿರುಗಿಸುವ ಭೂಮಿಯ ಕಾಂತಬಲಕ್ಕೆ ಸರಿಸುಮಾರು ಸಮನಾದುದರಿಂದ ಇದು ಸಾಧ್ಯ. ಗಾಯವನ್ನು ದಾಟಿದೊಡನೆ ತಂತಿಯಲ್ಲಿ ಪ್ರವಾಹವಿಲ್ಲ, ಅದುರುವಿಕೆಯೂ ನಿಲ್ಲುತ್ತದೆ. ಸೀಟಿನಡಿಯ ನೆಲಹಾಸನ್ನಾಗಲಿ ಚಾವಣಿಯ ಬಟ್ಟೆಯನ್ನಾಗಲಿ ಕಿತ್ತು ನೋಡುವ ಅಗತ್ಯ ಇದರಿಂದ ತಪ್ಪುತ್ತದೆ. ಕೇಂದ್ರ ಸರಕಾರದ 2021ರ ನಿಯಮವು ಐವತ್ತು ವರ್ಷ ಮೀರಿದ ಕಾರನ್ನು ವಿಂಟೇಜೆಂದು ದಾಖಲಿಸಲು ಅದು ಮೂಲರೂಪದಲ್ಲಿಯೇ ಇರಬೇಕೆಂದು ವಿಧಿಸುವುದರಿಂದ, ಒಡೆಯನಿಗೆ ಇದು ಸಣ್ಣ ಲಾಭವಲ್ಲ.

ಗಾಯ ಸಿಕ್ಕಮೇಲೆ ಟೇಪು ಸುತ್ತಿ ಕೈತೊಳೆದುಕೊಳ್ಳಬಾರದು. ಕೆಟ್ಟ ಭಾಗವನ್ನು ಕತ್ತರಿಸಿ, ಅದೇ ದಪ್ಪದ, ಅದೇ ಬಣ್ಣದ ತಂತಿಯನ್ನು ಬೆಸುಗೆ ಹಾಕಿ, ತಗಡಿನ ತೂತಿಗೆ ಹೊಸ ರಬ್ಬರಿನ ಬಳೆಯನ್ನು ಕೂರಿಸಬೇಕು. ಪರೀಕ್ಷೆಯ ಬಲ್ಬನ್ನು ಆಗಲೂ ತೆಗೆಯದೆ, ಡಿಕ್ಕಿಯನ್ನು ತೆರೆದು ಮುಚ್ಚಿ, ಕಟ್ಟನ್ನು ಉದ್ದಕ್ಕೂ ಕೈಯಿಂದ ಅಲುಗಿಸಿ ನೋಡಬೇಕು. ಒಂದು ಕಡೆ ಬಿರಿದ ರಬ್ಬರು ಮತ್ತೊಂದು ಕಡೆಯೂ ಬಿರಿದಿರುವ ಸಂಭವವೇ ಹೆಚ್ಚಾದುದರಿಂದ, ಬಲ್ಬು ಒಮ್ಮೆ ಮಿಣುಕಿದರೂ ಫ್ಯೂಸನ್ನು ಹಾಕದೆ ಮತ್ತೆ ಮೊದಲಿನಿಂದ ಹುಡುಕತಕ್ಕದ್ದು.