ಕುಲುಮೆಯೊಳಗಿನ ಕವಚ

ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ, ಕೃಷ್ಣೆಯ ದಡದಲ್ಲಿ, 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಇಂಥ ಉಷ್ಣ ವಿದ್ಯುತ್ ಸ್ಥಾವರದ ಘಟಕವೊಂದು ವಾರ್ಷಿಕ ದುರಸ್ತಿಗೆ ನಿಂತು ತಣ್ಣಗಾದಾಗ ಮಾತ್ರ ಕುಲುಮೆಯೊಳಕ್ಕೆ ಮನುಷ್ಯ ಕಾಲಿಡಬಹುದು. ಮ್ಯಾನ್‌ಹೋಲಿನಲ್ಲಿ ಮೈ ತೂರಿಸಿ ಕತ್ತೆತ್ತಿದರೆ ಮಹಡಿಗಳ ಲೆಕ್ಕದ ಎತ್ತರ. ನಾಲ್ಕೂ ಗೋಡೆಗಳು ಉಕ್ಕಿನ ಕೊಳವೆಗಳೇ. ಅಟ್ಟಣಿಗೆಯ ಮೇಲೆ 24 ವೋಲ್ಟ್ ದೀಪ. ಒಬ್ಬ ಕೊಳವೆಗೆ ಮಾಪಕ ಒತ್ತಿ ದಪ್ಪ ಕೂಗುತ್ತಾನೆ, ಇನ್ನೊಬ್ಬ ಸೀಮೆಸುಣ್ಣದಲ್ಲಿ ಬರೆಯುತ್ತಾನೆ.

ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಬೂದಿ ವಿಪರೀತ: ನೂರಕ್ಕೆ 35ರಿಂದ 45 ಪಾಲು. ಬೂದಿಯೊಳಗಿನ ಬೆಣಚುಕಲ್ಲಿನ ಕಣಗಳು ಹೊಗೆಯೊಡನೆ ನುಗ್ಗಿ ಕೊಳವೆಯನ್ನು ಉಜ್ಜಿ ತೆಳುವಾಗಿಸುತ್ತವೆ. ಸುಮಾರು 540 ಡಿಗ್ರಿಯ ಹಬೆ ಹರಿಯುವ ಸೂಪರ್‌ಹೀಟರ್ ಕೊಳವೆಗಳಿಗೆ ಮತ್ತೊಂದು ಕಾಟವಿದೆ. ಸೋಡಿಯಂ, ಪೊಟ್ಯಾಸಿಯಂ ಸಲ್ಫೇಟು ಉಪ್ಪುಗಳು ಅಲ್ಲಿ ಕಬ್ಬಿಣದೊಡನೆ ಕೂಡಿ ಕರಗಿ, ಉಕ್ಕು ತಾನಾಗಿ ಕಟ್ಟಿಕೊಂಡ ಆಕ್ಸೈಡ್ ಪೊರೆಯನ್ನೇ ತಿನ್ನುತ್ತವೆ. ಒಂದೇ ಒಂದು ಕೊಳವೆ ತೂತಾದರೂ ಇಡೀ ಘಟಕ ನಿಲ್ಲಬೇಕು.

ಅದಕ್ಕೇ ಕೊಳವೆಗಳ ಮೇಲೆ ರಕ್ಷಣೆಯ ಲೇಪನವೊಂದನ್ನು ಸಿಂಪಡಿಸುತ್ತಾರೆ. ಮೊದಲು ಅಲ್ಯೂಮಿನಾ ಹರಳುಗಳನ್ನು ರಭಸದಿಂದ ಚಿಮ್ಮಿಸಿ ಕೊಳವೆಯ ಮೈಯನ್ನು ಶುಚಿಗೊಳಿಸಿ ಒರಟಾಗಿಸುತ್ತಾರೆ. ಲೇಪನದ ಆಯುಷ್ಯ ತೀರ್ಮಾನವಾಗುವುದು ಇಲ್ಲೇ ಎನ್ನಬೇಕು. ಎಣ್ಣೆಯ ಪಸೆ ಉಳಿದರೆ ಎಷ್ಟು ದುಬಾರಿ ಪುಡಿಯೂ ಸಿಪ್ಪೆಯಾಗಿ ಏಳುತ್ತದೆ. ಆಮೇಲೆ ಪುಡಿ ಸಿಂಪಡಿಸುವ ಗನ್ ಗರ್ಜಿಸುತ್ತದೆ. ಎಚ್‌ವಿಒಎಫ್ (ಹೈ ವೆಲಾಸಿಟಿ ಆಕ್ಸಿ-ಫ್ಯುಯೆಲ್) ವಿಧಾನದಲ್ಲಿ ಇಂಧನವೂ ಆಮ್ಲಜನಕವೂ ಉರಿದು, ಕ್ರೋಮಿಯಂ ಕಾರ್ಬೈಡ್ ಮತ್ತು ನಿಕಲ್-ಕ್ರೋಮಿಯಂ ಪುಡಿಯನ್ನು ಶಬ್ದಕ್ಕಿಂತ ವೇಗವಾಗಿ ಕೊಳವೆಗೆ ಅಪ್ಪಳಿಸುತ್ತವೆ. ಕಣಗಳು ಚಪ್ಪಟೆಯಾಗಿ ಒಂದರ ಮೇಲೊಂದು ಕೂರುತ್ತವೆ. ಎಲ್ಲ ಮುಗಿದ ಮೇಲೂ ಲೇಪನದ ದಪ್ಪ ಎರಡು ಮೂರು ಹಾಳೆ ಕಾಗದದಷ್ಟೇ. ಕುಲುಮೆ ಮತ್ತೆ ಹೊತ್ತಿದಾಗ ಅದರೊಳಗಿನ ಕ್ರೋಮಿಯಂ ಆಮ್ಲಜನಕ ಹಿಡಿದು ದಟ್ಟ ಪೊರೆ ಕಟ್ಟುತ್ತದೆ. ಕರಗಿದ ಉಪ್ಪನ್ನು ತಡೆಯುವುದು ಅದೇ. ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ (ಎನ್‌ಐಟಿಕೆ) ಸಂಶೋಧಕರು ಇಂಥ ಲೇಪನಗಳನ್ನು ಉಪ್ಪು ಸವರಿ, ಕಾಯಿಸಿ, ಆರಿಸಿ, ತೂಗಿ ಪರೀಕ್ಷಿಸಿದ್ದಾರೆ.

ಪ್ರಯೋಗಾಲಯದ ತಕ್ಕಡಿ ಹೇಳದ ಮಾತೊಂದಿದೆ. ಕ್ರೋಮಿಯಂ ಸಿಂಪಡಿಸುವಾಗ ಏಳುವ ಹೊಗೆಯಲ್ಲಿ ಕ್ಯಾನ್ಸರ್ ತರಬಲ್ಲ ಹೆಕ್ಸಾವೇಲೆಂಟ್ ಕ್ರೋಮಿಯಂ ಇರುತ್ತದೆ. ಮುಚ್ಚಿದ ಕುಲುಮೆಯಲ್ಲಿ ಗನ್ ಹಿಡಿದವನಿಗೆ ಮೂಗಿಗೆ ಕಟ್ಟಿದ ಬಟ್ಟೆ ಸಾಲದು. ಹೊರಗಿನಿಂದ ಶುದ್ಧಗಾಳಿ ತರುವ ಮುಖಗವಸು, ಹೊಗೆ ಹೀರುವ ಫ್ಯಾನು ಇಲ್ಲದೆ ಯಾವ ಗುತ್ತಿಗೆದಾರನೂ ಕೆಲಸ ಶುರುಮಾಡಕೂಡದು. ಸ್ಥಾವರದ ಎಂಜಿನಿಯರು ಅನುಮತಿಪತ್ರಕ್ಕೆ ಸಹಿ ಹಾಕುವ ಮೊದಲು ಅವೆರಡನ್ನೂ ಕಣ್ಣಾರೆ ನೋಡಬೇಕು.