ಮುಖದ ಬಂಗಿಗೆ ಆಮ್ಲದ ಲೇಪ

ಮಗಳ ಮದುವೆಯ ಮಾತು ಎದ್ದೊಡನೆ ಅವಳ ಮುಖದ ಬಂಗು, ಮೊಡವೆಯ ಕಲೆಗಳ ಚಿಂತೆ ತಾಯಂದಿರನ್ನು ಹಿಡಿಯುವುದುಂಟು. ಅದಕ್ಕೆ ಮದ್ದೆಂದು ಈಗ ಕೇಳಿಬರುವ ಹೆಸರು ‘ಕೆಮಿಕಲ್ ಪೀಲ್’. ಗವರ್ನರ್‌ಪೇಟೆಯ ನಮ್ಮ ಸೋದರಿಯರು ಅದರ ಗುಣದೋಷಗಳನ್ನು ತಿಳಿದಿರುವುದು ಒಳ್ಳೆಯದು.

ಆಮ್ಲವೊಂದನ್ನು ಅಳತೆಯರಿತು ಹಚ್ಚಿ, ಚರ್ಮದ ಮೇಲ್ಪದರ ಸುಲಿದು ಹೊಸ ಪದರ ಹುಟ್ಟುವಂತೆ ಮಾಡುವುದೇ ಈ ಚಿಕಿತ್ಸೆಯ ಮರ್ಮ. ಜರ್ಮನಿಯ ವೈದ್ಯ ಉನ್ನಾ 1882ರಲ್ಲಿಯೇ ಸ್ಯಾಲಿಸಿಲಿಕ್ ಆಮ್ಲ, ಫೀನಾಲ್‌ಗಳ ಈ ಗುಣವನ್ನು ವಿವರಿಸಿದ್ದರು. ಕಬ್ಬಿನಲ್ಲಿರುವ ಗ್ಲೈಕಾಲಿಕ್, ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲಗಳೂ ಬಳಕೆಯಲ್ಲಿವೆ. ಹಾಗೆಂದು ಮೊಸರು ಹಚ್ಚಿದಷ್ಟು ನಿರಪಾಯವೆಂದು ಬಗೆಯಬಾರದು. ಫೀನಾಲ್ ರಕ್ತಕ್ಕೆ ಸೇರಿದರೆ ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲದು.

ನಮ್ಮಂಥ ಕಂದು ಮೈಬಣ್ಣದವರಿಗೆ ಇನ್ನೊಂದು ಅಪಾಯವುಂಟು. ಆಮ್ಲ ಆಳಕ್ಕಿಳಿದು ಚರ್ಮ ಕೆರಳಿದರೆ, ಹೋಗಬೇಕಾದ ಕಲೆಯ ಜಾಗದಲ್ಲಿ ಇನ್ನೂ ಕಪ್ಪಾದ ಕಲೆ ಮೂಡೀತು. ಆದುದರಿಂದ ಸೌಮ್ಯವಾದ ಲೇಪವನ್ನು ಕೆಲವು ವಾರಗಳ ಅಂತರದಲ್ಲಿ, ಚರ್ಮವೈದ್ಯರ ಕೈಯಲ್ಲಿಯೇ ಹಚ್ಚಿಸಿಕೊಳ್ಳುವುದು ಲೇಸು. ಸೀಸೆ ಕೊಂಡು ತಂದು ಮನೆಯಲ್ಲಿ ಪ್ರಯೋಗ ಮಾಡುವುದು ಕೂಡದು. ಬಸುರಿಯರು, ತುಟಿಯಲ್ಲಿ ಹರ್ಪಿಸ್ ಗುಳ್ಳೆ ಏಳುವವರು ವೈದ್ಯರಿಗೆ ಮೊದಲೇ ತಿಳಿಸಬೇಕು. ಬೆಜವಾಡದ ಬೇಸಗೆಯ ಬಿಸಿಲಂತೂ ಹೊಸ ಚರ್ಮಕ್ಕೆ ಶತ್ರು. ಕೊಡೆ, ಸನ್‌ಸ್ಕ್ರೀನ್ ಇಲ್ಲದೆ ಹೊರಟರೆ ಬಂಗು ಮರಳಿ ಬರುತ್ತದೆ. ಮದುವೆಗೆ ವಾರವಿದೆ ಎನ್ನುವಾಗ ಇದನ್ನು ಆರಂಭಿಸಲೇಬಾರದು.

ಕಲೆ ತಿಳಿಯಾಗಬಹುದು, ಹುಟ್ಟುಬಣ್ಣ ಬದಲಾಗದು. ಹೆಣ್ಣು ನೋಡಲು ಬಂದವರು ಬಣ್ಣವನ್ನು ಆಡಿಕೊಂಡರೆ, ಅದಕ್ಕಾಗಿ ಮಗಳ ಮುಖವನ್ನು ಆಮ್ಲಕ್ಕೊಡ್ಡಬೇಕಾಗಿಲ್ಲ.