‘ಎಲ್ಲರೂ ನನ್ನನ್ನೇ ನೋಡ್ತಾರೆ ಸಾರ್’

ಐದನೇ ತರಗತಿಯಲ್ಲಿ ಒಂದು ಪ್ರಶ್ನೆ ಕೇಳಿ ನೋಡಿ. ಉತ್ತರ ಗೊತ್ತಿದ್ದವರೂ ಗೊತ್ತಿಲ್ಲದವರೂ ಕೈ ಎತ್ತುತ್ತಾರೆ. “ಟೀಚರ್, ನಾನು ಹೇಳ್ತೇನೆ” ಎಂದು ಅರ್ಧ ಎದ್ದೇ ನಿಲ್ಲುತ್ತಾರೆ. ಅದೇ ಮಕ್ಕಳು ಒಂಬತ್ತನೇ ತರಗತಿಗೆ ಬಂದಾಗ ಉತ್ತರ ಗೊತ್ತಿದ್ದರೂ ತಲೆ ತಗ್ಗಿಸಿ ಕೂರುತ್ತಾರೆ. ಹೆಸರು ಹಿಡಿದು ಕರೆದರೆ ಮುಖ ಕೆಂಪಾಗುತ್ತದೆ. ಆಮೇಲೆ ಕರೆದು ಮೆಲ್ಲಗೆ ಕೇಳಿದರೆ, “ಎಲ್ಲರೂ ನನ್ನನ್ನೇ ನೋಡ್ತಾರೆ ಸಾರ್” ಎನ್ನುತ್ತಾರೆ. ನಾವೋ, “ಈ ಬ್ಯಾಚಿಗೆ ಉತ್ಸಾಹವೇ ಇಲ್ಲ” ಎಂದು ಸ್ಟಾಫ್ ರೂಮಿನಲ್ಲಿ ತೀರ್ಪು ಕೊಟ್ಟುಬಿಡುತ್ತೇವೆ. ಈ ನಾಲ್ಕು ವರ್ಷಗಳಲ್ಲಿ ಮಗುವಿನೊಳಗೆ ನಿಜವಾಗಿ ಏನು ನಡೆಯುತ್ತದೆ ಎಂಬುದಕ್ಕೆ ಮನೋವಿಜ್ಞಾನದಲ್ಲಿ ಸಾಕಷ್ಟು ಉತ್ತರವಿದೆ.

ನಾನು, ನನ್ನನ್ನು

‘ನಾನು ನನ್ನನ್ನು ನೋಡಿಕೊಂಡೆ’ ಎಂಬ ವಾಕ್ಯವನ್ನು ವ್ಯಾಕರಣದ ಪಾಠದಲ್ಲಿ ಬಿಡಿಸಿದರೆ ‘ನಾನು’ ಕರ್ತೃ, ‘ನನ್ನನ್ನು’ ಕರ್ಮ. ವ್ಯಕ್ತಿ ಒಬ್ಬನೇ, ಪಾತ್ರ ಎರಡು. ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1890ರಲ್ಲಿ ಪ್ರಕಟಿಸಿದ ಮನೋವಿಜ್ಞಾನದ ಗ್ರಂಥದಲ್ಲಿ ಇದೇ ಭೇದವನ್ನು ಮಾಡಿದ. ಅರಿಯುವ ನಾನು ಒಂದು, ಅರಿಯಲ್ಪಡುವ ನಾನು ಇನ್ನೊಂದು. ಈ ಎರಡನೆಯದರ ಮೇಲೆ ಮೊದಲನೆಯದು ಕಣ್ಣಿಡುವುದೇ ಸ್ವಪ್ರಜ್ಞೆ.

ಇದು ಹುಟ್ಟಿನಿಂದ ಬರುವುದಿಲ್ಲ. 1970ರಲ್ಲಿ ಗಾರ್ಡನ್ ಗ್ಯಾಲಪ್ ಎಂಬ ವಿಜ್ಞಾನಿ ಚಿಂಪಾಂಜಿಗಳಿಗೆ ಪ್ರಜ್ಞೆ ತಪ್ಪಿಸಿ ಮುಖಕ್ಕೆ ಬಣ್ಣ ಹಚ್ಚಿದ. ಎಚ್ಚರವಾದ ಮೇಲೆ ಕನ್ನಡಿ ಇಟ್ಟಾಗ ಅವು ಕನ್ನಡಿಯನ್ನಲ್ಲ, ತಮ್ಮ ಮುಖವನ್ನೇ ಮುಟ್ಟಿ ನೋಡಿದವು. ಬ್ಯೂಲಾ ಆಮ್‌ಸ್ಟರ್‌ಡಾಮ್ ಎಂಬ ಸಂಶೋಧಕಿ ಪುಟ್ಟ ಮಕ್ಕಳ ಮೂಗಿಗೆ ಕೆಂಪು ಹಚ್ಚಿ ಇಂಥದೇ ಪರೀಕ್ಷೆ ಮಾಡಿ 1972ರಲ್ಲಿ ಪ್ರಕಟಿಸಿದಳು. ಒಂದು ವರ್ಷದ ಮಗು ಕನ್ನಡಿಯೊಳಗಿನ ಮಗುವನ್ನು ಆಟಕ್ಕೆ ಕರೆಯುತ್ತದೆ. 20ರಿಂದ 24 ತಿಂಗಳ ಮಕ್ಕಳಲ್ಲಿ ಹೆಚ್ಚಿನವರು ತಮ್ಮನ್ನು ಗುರುತಿಸಿಕೊಂಡರು. ಎಲ್ಲ ಸಮಾಜಗಳಲ್ಲಿಯೂ ಇದೇ ವಯಸ್ಸಿಗೆ ಹೀಗಾಗುತ್ತದೆ ಎನ್ನುವಂತಿಲ್ಲ. ಕೀನ್ಯಾದಂಥ ಕಡೆ ನಡೆದ ಅಧ್ಯಯನಗಳಲ್ಲಿ ಫಲಿತಾಂಶ ಬೇರೆಯೇ ಬಂದಿದೆ.

ಇನ್ನೂ ಒಂದು ಸಂಗತಿಯನ್ನು ಮೈಕೆಲ್ ಲೂಯಿಸ್ ಮತ್ತು ಸಂಗಡಿಗರು 1989ರಲ್ಲಿ ತೋರಿಸಿದರು. ಕನ್ನಡಿಯಲ್ಲಿ ತನ್ನನ್ನು ಗುರುತಿಸಬಲ್ಲ ಮಕ್ಕಳಲ್ಲೇ ಮುಜುಗರದ ಲಕ್ಷಣ ಹೆಚ್ಚಾಗಿ ಕಾಣುತ್ತದೆ. ಅಂದರೆ ‘ಇದು ನಾನು’ ಎಂಬ ಅರಿವೂ ನಾಚಿಕೆಯೂ ಜೊತೆಜೊತೆಗೇ ಮೊಳೆಯುತ್ತವೆ.

ಪರರ ಕಣ್ಣೆಂಬ ಕನ್ನಡಿ

ಗಾಜಿನ ಕನ್ನಡಿ ಮುಖವನ್ನಷ್ಟೇ ತೋರಿಸೀತು. ‘ನಾನು ಜಾಣನೋ ದಡ್ಡನೋ’ ಎಂಬುದನ್ನು ತೋರಿಸುವ ಕನ್ನಡಿ ಇತರರ ಕಣ್ಣು. ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಕೂಲಿ 1902ರಲ್ಲಿ ಇದರಲ್ಲಿ ಮೂರು ಮೆಟ್ಟಿಲುಗಳನ್ನು ಗುರುತಿಸಿದ: ಇತರರಿಗೆ ನಾನು ಹೇಗೆ ಕಾಣುತ್ತೇನೆಂದು ಊಹಿಸುವುದು, ಅದಕ್ಕೆ ಅವರು ಏನೆಂದುಕೊಂಡಾರು ಎಂದು ಊಹಿಸುವುದು, ಆ ಊಹೆಯ ಮೇಲೆ ಹೆಮ್ಮೆಯನ್ನೋ ಅವಮಾನವನ್ನೋ ಪಡುವುದು. ಗಮನಿಸಿ, ಮೊದಲ ಎರಡೂ ಊಹೆಗಳೇ. ನಮ್ಮ ಮನೆಗಳಲ್ಲಿ “ನಾಲ್ಕು ಜನ ಏನಂದಾರು” ಎನ್ನುತ್ತೇವಲ್ಲ, ಆ ನಾಲ್ಕು ಜನ ಯಾರೆಂದು ಯಾರೂ ಎಣಿಸಿದವರಿಲ್ಲ.

ಹದಿಹರೆಯದಲ್ಲಿ ಈ ಊಹೆ ವಿಪರೀತವಾಗುತ್ತದೆ. ಡೇವಿಡ್ ಎಲ್ಕಿಂಡ್ 1967ರಲ್ಲಿ ಇದನ್ನು ‘ಕಾಲ್ಪನಿಕ ಪ್ರೇಕ್ಷಕರು’ ಎಂದು ಕರೆದ. ಯಕ್ಷಗಾನದ ರಂಗಸ್ಥಳದಲ್ಲಿ ತಾನೊಬ್ಬನೇ ವೇಷ ಹಾಕಿ ನಿಂತಂತೆ, ಇಡೀ ಊರು ಎದುರಿಗೆ ಕೂತಂತೆ ಮಗುವಿಗೆ ಅನಿಸುತ್ತದೆ. 2013ರಲ್ಲಿ ಪ್ರಕಟವಾದ ಲೀ ಸೋಮರ್‌ವಿಲ್ ಮತ್ತು ಸಂಗಡಿಗರ ಅಧ್ಯಯನದಲ್ಲಿ 8ರಿಂದ 23 ವರ್ಷದವರಿಗೆ, “ಈಗ ನಿಮ್ಮ ವಯಸ್ಸಿನವರೊಬ್ಬರು ಕ್ಯಾಮೆರಾದಲ್ಲಿ ನಿಮ್ಮನ್ನು ನೋಡುತ್ತಿದ್ದಾರೆ” ಎಂದು ಹೇಳಲಾಯಿತು. ನಿಜವಾಗಿ ಯಾರೂ ನೋಡುತ್ತಿರಲಿಲ್ಲ. ಆದರೂ ಹದಿಹರೆಯದವರಲ್ಲಿ ಮುಜುಗರವೂ ದೇಹದ ಉದ್ವೇಗವೂ ಚಿಕ್ಕ ಮಕ್ಕಳಿಗಿಂತ ಹೆಚ್ಚಾಗಿತ್ತು.

ಎಷ್ಟು ಜನ ನೋಡುತ್ತಾರೆ?

2000ದಲ್ಲಿ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು ಇದನ್ನು ಲೆಕ್ಕ ಹಾಕಿಯೇ ತೋರಿಸಿದರು. ಕಾಲೇಜು ವಿದ್ಯಾರ್ಥಿಯೊಬ್ಬನಿಗೆ ಗಾಯಕನೊಬ್ಬನ ಚಿತ್ರವಿದ್ದ ಟೀಶರ್ಟ್ ತೊಡಿಸಿ, ಇತರರು ಕುಳಿತಿದ್ದ ಕೋಣೆಗೆ ತಡವಾಗಿ ಕಳಿಸಿದರು. ಆ ವಯಸ್ಸಿನವರಿಗೆ ಅಂಥ ಟೀಶರ್ಟ್ ತೊಡುವುದೆಂದರೆ ನಾಚಿಕೆಗೇಡು. ಹೀಗೆ ಒಬ್ಬೊಬ್ಬರನ್ನೂ ಕಳಿಸಿ, “ಎಷ್ಟು ಜನ ಗಮನಿಸಿರಬಹುದು?” ಎಂದು ಕೇಳಿದಾಗ ಅವರ ಅಂದಾಜು ಸುಮಾರು ಅರ್ಧದಷ್ಟು. ನಿಜವಾಗಿ ಗಮನಿಸಿದವರು ಸುಮಾರು ಕಾಲು ಭಾಗ ಮಾತ್ರ.

ಸಾಹಿತ್ಯ ಇದನ್ನು ಬಹಳ ಮೊದಲೇ ಕಂಡಿತ್ತು. ದೋಸ್ತೋಯೆವ್‌ಸ್ಕಿ 1864ರಲ್ಲಿ ಬರೆದ ‘ನೋಟ್ಸ್ ಫ್ರಂ ಅಂಡರ್‌ಗ್ರೌಂಡ್’ನ ನಾಯಕ ಪೀಟರ್ಸ್‌ಬರ್ಗಿನ ಬಡ ಗುಮಾಸ್ತ. ರಸ್ತೆಯಲ್ಲಿ ಎದುರಾಗುವ ಒಬ್ಬ ಸೇನಾಧಿಕಾರಿಗೆ ತಾನೇಕೆ ದಾರಿ ಬಿಡಬೇಕು ಎಂದು ಕುದಿಯುತ್ತಾನೆ. ಭುಜಕ್ಕೆ ಭುಜ ತಾಗಿಸಿಯೇ ತೀರಬೇಕೆಂದು ಹಲವು ದಿನ ತಯಾರಿ ನಡೆಸುತ್ತಾನೆ. ಸಾಲ ಮಾಡಿ ಕೋಟಿನ ಕಾಲರ್ ಬದಲಿಸುತ್ತಾನೆ. ಕೊನೆಗೂ ಡಿಕ್ಕಿ ಹೊಡೆಯುತ್ತಾನೆ. ಅಧಿಕಾರಿ ತಿರುಗಿ ಕೂಡ ನೋಡುವುದಿಲ್ಲ!

ಹಾಗಾದರೆ ಪರರ ಕಣ್ಣಿನಿಂದ ಪೂರ್ತಿ ಬಿಡುಗಡೆ ಒಳ್ಳೆಯದೇ? ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಅಷ್ಟು ಸುಲಭದ ಉತ್ತರ ಕೊಡುವುದಿಲ್ಲ. ಪ್ರಾಣೇಶಾಚಾರ್ಯರು ಯಾರೆಂಬುದನ್ನು ಅಗ್ರಹಾರದ ಕಣ್ಣುಗಳು ತೀರ್ಮಾನಿಸಿದ್ದವು. ಚಂದ್ರಿಯ ಸಂಗ, ಹೆಂಡತಿಯ ಸಾವು ಎರಡೂ ಆದ ಮೇಲೆ ಊರು ಬಿಟ್ಟು ನಡೆದಾಗ ಆ ಕನ್ನಡಿ ಇಲ್ಲ. ತಾನು ಯಾರೆಂದು ತಾನೇ ಹುಡುಕಬೇಕು. ಮೇಳಿಗೆಯ ಜಾತ್ರೆಯ ಗದ್ದಲದಲ್ಲಿ, ಸೂತಕದಲ್ಲೇ ಊಟದ ಪಂಕ್ತಿಯಲ್ಲಿ ಕುಳಿತಾಗಲೂ, ಯಾರಾದರೂ ಗುರುತಿಸಿಯಾರು ಎಂಬ ಭಯ ಬೆನ್ನು ಬಿಡುವುದಿಲ್ಲ. ಇತರರ ನೋಟ ನಮ್ಮನ್ನು ಕಟ್ಟಿಹಾಕುತ್ತದೆ, ಹೌದು. ಆದರೆ ‘ನಾನು’ ಎಂಬುದನ್ನು ಕಟ್ಟಿಕೊಡುವುದರಲ್ಲೂ ಅದೇ ನೋಟದ ಪಾಲಿದೆ.

ನಮ್ಮ ತರಗತಿಯಲ್ಲಿ

ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಈ ವಿಷಯಕ್ಕೆ ಇನ್ನೊಂದು ಮಗ್ಗುಲಿದೆ. ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿ ಅಥವಾ ತೆಲುಗು ಆಡುವ ಮಗು ಪುಸ್ತಕದ ಕನ್ನಡದಲ್ಲಿ ಉತ್ತರ ಹೇಳಬೇಕು. ಉಪಜಿಲ್ಲಾ ಶಾಸ್ತ್ರಮೇಳಕ್ಕೆ ಹೋದರೆ ತೀರ್ಪುಗಾರರು ಮಲಯಾಳದಲ್ಲಿ ಪ್ರಶ್ನೆ ಕೇಳುತ್ತಾರೆ. ಕಾಲ್ಪನಿಕ ಪ್ರೇಕ್ಷಕರು ಮಗುವಿನ ಮುಖವನ್ನಷ್ಟೇ ಅಲ್ಲ, ಭಾಷೆಯನ್ನೂ ನೋಡಿ ನಗುತ್ತಾರೆ. ಅಂಥ ಮಗು “ಹೋಗಲಿ, ಸುಮ್ಮನಿರುವುದೇ ಒಳ್ಳೆಯದು” ಎಂದು ತೀರ್ಮಾನಿಸಿದರೆ ಒಂದು ಉತ್ತರವಷ್ಟೇ ಹೋಗುವುದಿಲ್ಲ. ‘ನಾನು ಹೇಳಲು ಬಾರದವನು’ ಎಂಬ ಚಿತ್ರ ಮನಸ್ಸಿನಲ್ಲಿ ಗಟ್ಟಿಯಾಗುತ್ತದೆ.

ಏನು ಮಾಡಬಹುದು? ಪ್ರಶ್ನೆ ಕೇಳಿದ ಮೇಲೆ ಸ್ವಲ್ಪ ಕಾಯಿರಿ. ಅಧ್ಯಾಪಕರು ಸಾಮಾನ್ಯವಾಗಿ ಒಂದೇ ಸೆಕೆಂಡು ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ ಎಂದು ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದಾರೆ. ಮೊದಲು ನೋಟ್‌ಬುಕ್‌ನಲ್ಲಿ ಬರೆಯಲಿ, ಪಕ್ಕದವನಿಗೆ ಹೇಳಲಿ, ಆಮೇಲೆ ತರಗತಿಗೆ ಹೇಳಲಿ. ಉತ್ತರ ವಿಜ್ಞಾನದ್ದಾದರೆ ವಿಜ್ಞಾನವನ್ನು ತಿದ್ದಿ. ಉಚ್ಚಾರವನ್ನು ಎಲ್ಲರೆದುರು ತಿದ್ದುವುದು ಬೇಡ. ಮನೆಮಾತಿನ ಒಂದು ಶಬ್ದ ನುಸುಳಿದರೆ ನುಸುಳಲಿ.

ಮಾಡಿ ನೋಡಿ

ಟೀಶರ್ಟ್ ಪ್ರಯೋಗವನ್ನು ನಿಮ್ಮ ತರಗತಿಯಲ್ಲೂ ಮಾಡಬಹುದು. ಮಕ್ಕಳನ್ನು ಮುಜುಗರಕ್ಕೆ ಒಡ್ಡಬೇಡಿ, ಪ್ರಯೋಗದ ವಸ್ತು ನೀವೇ ಆಗಿ. ಒಂದು ದಿನ ಕೈಗಡಿಯಾರವನ್ನು ಇನ್ನೊಂದು ಕೈಗೆ ಕಟ್ಟಿ, ಅಥವಾ ಎರಡು ಕಾಲಿಗೆ ಎರಡು ಬಗೆಯ ಚಪ್ಪಲಿ ಹಾಕಿ. ಎಷ್ಟು ಮಂದಿ ಗಮನಿಸಿಯಾರು ಎಂಬ ಅಂದಾಜನ್ನು ಮೊದಲೇ ಚೀಟಿಯಲ್ಲಿ ಬರೆದು ಕಿಸೆಯಲ್ಲಿಟ್ಟುಕೊಳ್ಳಿ. ಪಾಠ ಮುಗಿದ ಮೇಲೆ, “ನನ್ನಲ್ಲಿ ಇವತ್ತು ಏನಾದರೂ ಬೇರೆ ಕಂಡಿತಾ?” ಎಂದು ಪ್ರತಿಯೊಬ್ಬರಿಂದಲೂ ಬರೆಸಿ. ಎರಡು ಸಂಖ್ಯೆಗಳನ್ನೂ ಬೋರ್ಡಿನಲ್ಲಿ ಅಕ್ಕಪಕ್ಕ ಬರೆದು ಚರ್ಚಿಸಿ. ನಿಮ್ಮ ಅಂದಾಜೇ ಸರಿಯಾಗಿದ್ದರೂ ನಷ್ಟವಿಲ್ಲ, ಯಾಕೆ ಹಾಗಾಯಿತು ಎಂದು ಕೇಳುವುದೂ ವಿಜ್ಞಾನವೇ. ಇತರರ ನೋಟದ ಬಗ್ಗೆ ನಮಗಿರುವ ಊಹೆಯನ್ನೂ ಅಳೆದು ಪರೀಕ್ಷಿಸಬಹುದು ಎಂದು ಒಂಬತ್ತನೇ ತರಗತಿಯ ಮಗುವಿಗೆ ಗೊತ್ತಾದರೆ, ಮುಂದಿನ ಪ್ರಶ್ನೆಗೆ ಒಂದು ಕೈಯಾದರೂ ಹೆಚ್ಚು ಮೇಲೆದ್ದೀತು.